ವಿಶ್ರಾಂತಿ ಮತ್ತು ಮರವೆ: ಪಂಪಾಕ್ಷೇತ್ರದ ಒಂದು ಜಿಜ್ಞಾಸೆ

ತೀರ್ಥಯಾತ್ರೆಗೆ ಹೊರಡುವವನು ಮಾಡಬೇಕಾದ ಸಂಕಲ್ಪ, ದಾರಿಯಲ್ಲಿ ಪಾಲಿಸಬೇಕಾದ ನಿಯಮ, ಕ್ಷೇತ್ರವನ್ನು ತಲುಪಿದ ಮೇಲೆ ನೆರವೇರಿಸಬೇಕಾದ ಸ್ನಾನ, ದಾನ, ಶ್ರಾದ್ಧ, ಉಪವಾಸಗಳನ್ನು ಧರ್ಮಶಾಸ್ತ್ರಗಳೂ ಪುರಾಣಗಳೂ ವಿಸ್ತಾರವಾಗಿ ಹೇಳುತ್ತವೆ. ಆದರೆ ಯಾವ ಸಂಕಲ್ಪವೂ ಇಲ್ಲದೆ, ಹೊಳೆಯ ದಂಡೆಯಲ್ಲಿ ಸುಮ್ಮನೆ ಕುಳಿತು ನಾಲ್ಕು ದಿನ ಕಳೆಯಬೇಕೆಂಬ ಒಂದೇ ಆಸೆಯಿಂದ ಕ್ಷೇತ್ರಕ್ಕೆ ಬರುವವನನ್ನು ಹೇಗೆ ನೋಡಬೇಕು, ಅವನ ವಿಶ್ರಾಂತಿಗೆ ಧರ್ಮದಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಅವು ಅಷ್ಟಾಗಿ ಎತ್ತಿಕೊಂಡಿಲ್ಲ. ವಿರಾಮಕ್ಕೆಂದೇ ಕಟ್ಟಿದ ಊರುಗಳಲ್ಲಿ ಈ ಪ್ರಶ್ನೆ ಹುಟ್ಟುವುದೂ ಇಲ್ಲ. ಮೆಕ್ಸಿಕೊ ದೇಶದ ಪೆಸಿಫಿಕ್ ಕರಾವಳಿಯಲ್ಲಿ ಸಿವಾತಾನೆಹೊ ಎಂಬ ಮೀನುಗಾರರ ಬಂದರಿನ ಪಕ್ಕದಲ್ಲಿ 1970ರ ದಶಕದಲ್ಲಿ ಸರ್ಕಾರವೇ ಯೋಜಿಸಿ ಕಟ್ಟಿದ ಈಸ್ತಾಪಾ ಎಂಬ ರೆಸಾರ್ಟ್ ಪಟ್ಟಣಕ್ಕೆ ಹೋಗುವವನು ಬಿಸಿಲು, ಮರಳು, ಕಡಲುಗಳ ಹೊರತು ಬೇರೇನನ್ನೂ ಬಯಸಬೇಕಾಗಿಲ್ಲ, ತಾನು ಬಂದುದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿಯೂ ಇಲ್ಲ. ಗೋಕರ್ಣದಂಥ ಊರಿನಲ್ಲಿ ಹಾಗಲ್ಲ. ಅಲ್ಲಿ ಮಹಾಬಲೇಶ್ವರನ ದರ್ಶನಕ್ಕೆ ಬರುವವರೂ ಕುಡ್ಲೆ ಮತ್ತು ಓಂ ಕಡಲತೀರಗಳಿಗೆ ಬರುವವರೂ ಒಂದೇ ಬಸ್ಸಿನಿಂದ ಇಳಿಯುತ್ತಾರೆ. ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಇಳಿದು ಹಂಪಿಯ ಕಡೆಗೆ ಹೊರಡುವವರಲ್ಲಿಯೂ ಈ ಎರಡು ಬಗೆಯ ಜನರಿದ್ದಾರೆ, ಮತ್ತು ಇಲ್ಲಿ ಅವರ ನಡುವಿನ ಭೇದ ಒಂದು ಹೊಳೆಯ ಎರಡು ದಡಗಳ ಭೇದವಾಗಿ ಬೆಳೆದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ.

ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ತುಂಗಭದ್ರೆಯ ಕವಲುಗಳ ನಡುವೆ ಇರುವ ವಿರೂಪಾಪುರ ಗಡ್ಡೆ ಆಡಳಿತದ ಲೆಕ್ಕದಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಗಡ್ಡೆ ಎಂದರೆ ಹೊಳೆಯ ನಡುವೆ ಉಳಿದ ನೆಲ. ವಿದೇಶಿ ಪ್ರವಾಸಿಗರಿಗಾಗಿ ಅಲ್ಲಿ ಎದ್ದ ಗುಡಿಸಲುಗಳು ಕ್ರಮೇಣ ರೆಸಾರ್ಟ್‌ಗಳಾದವು. ನೆಲದ ಮೇಲೆ ಹಾಸಿದ ಗಾದಿ, ಮೊಣಕಾಲೆತ್ತರದ ಮೇಜು, ಎದುರಿಗೆ ಭತ್ತದ ಗದ್ದೆ, ಅದರಾಚೆ ಬಂಡೆಗಳ ರಾಶಿ, ಇದಿಷ್ಟೇ ಅಲ್ಲಿನ ಉಪಾಹಾರ ಗೃಹಗಳ ಅಲಂಕಾರವಾಗಿತ್ತು. ಸಂಜೆ ಕೊನೆಯ ದೋಣಿ ನಿಂತಿತೆಂದರೆ ದೇವಾಲಯದ ದಡಕ್ಕೆ ಮರಳುವ ನೇರ ದಾರಿ ಮುಚ್ಚುತ್ತಿತ್ತು, ಹೀಗಾಗಿ ಎರಡು ದಿನಕ್ಕೆಂದು ಬಂದವರು ವಾರಗಟ್ಟಲೆ ಉಳಿಯುವುದು ಅಲ್ಲಿ ಸಾಮಾನ್ಯವಾಗಿತ್ತು. ಬಂಡೆ ಹತ್ತುವ ಕ್ರೀಡೆಯಲ್ಲಿ ಹೆಸರಾದ ಅಮೆರಿಕದ ಕ್ರಿಸ್ ಶರ್ಮಾ ತನ್ನ ಸಂಗಡಿಗರೊಂದಿಗೆ ಹಂಪಿಯ ಬಂಡೆಗಳನ್ನು ಏರಿದುದನ್ನು ತೋರಿಸುವ 2003ರ ಚಿತ್ರಕ್ಕೆ ‘ಪಿಲ್ಗ್ರಿಮೇಜ್’ ಎಂದು ಹೆಸರಿಟ್ಟಿದ್ದರು, ಅಂದರೆ ಆಟಕ್ಕೆ ಬಂದವರೂ ತಮ್ಮ ಬರುವಿಕೆಯನ್ನು ಯಾತ್ರೆಯೆಂದೇ ಭಾವಿಸಿದ್ದರು. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ಹೊಳೆಗೆ ಅಡ್ಡಲಾಗಿ ಕಟ್ಟತೊಡಗಿದ ಸೇತುವೆಗಳ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ 2006ರಲ್ಲಿ ಅದರಿಂದ ಹೊರಬಂತು. 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದವರ ಮನೆ, ಅಂಗಡಿಗಳನ್ನು ಕೆಡವಲಾಯಿತು. ಗಡ್ಡೆಯ ಕಟ್ಟಡಗಳು ಅಕ್ರಮವೆಂಬ ಹೈಕೋರ್ಟಿನ 2015ರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದ ಮೇಲೆ, ಮಾರ್ಚ್ ಮೊದಲ ವಾರದಲ್ಲಿ ಅವೂ ನೆಲಸಮವಾದವು.

ನ್ಯಾಯಾಲಯದ ಮುಂದಿದ್ದುದು ಕಟ್ಟಡಗಳು ಸಂರಕ್ಷಿತ ಪ್ರದೇಶದಲ್ಲಿವೆಯೇ, ಅನುಮತಿ ಪಡೆದಿವೆಯೇ ಎಂಬ ಪ್ರಶ್ನೆ. ಅಲ್ಲಿ ನಡೆಯುತ್ತಿದ್ದ ವಿಶ್ರಾಂತಿ ಕ್ಷೇತ್ರದ ಸ್ವಭಾವಕ್ಕೆ ಒಪ್ಪುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಅದರ ಕೆಲಸವಾಗಿರಲಿಲ್ಲ. ಆದರೂ ಸಾರ್ವಜನಿಕ ಚರ್ಚೆಯಲ್ಲಿ ಈ ಎರಡೂ ಬೆರೆತುಹೋದವು. ಕ್ಷೇತ್ರವೆಂದರೆ ತಪಸ್ಸಿನ ನೆಲ, ಅಲ್ಲಿ ವಿಲಾಸಕ್ಕೆ ಎಡೆಯಿಲ್ಲ ಎಂಬುದು ಒಂದು ಪಕ್ಷ. ಮನಸ್ಸು ಹಗುರಾಗುವುದೇ ದೊಡ್ಡ ಸಾಧನೆ, ಅದು ಗರ್ಭಗುಡಿಯ ಮುಂದೆ ಆದರೇನು, ಗಾದಿಯ ಮೇಲೆ ಆದರೇನು ಎಂಬುದು ಇನ್ನೊಂದು. ಈ ಎರಡು ಪಕ್ಷಗಳೂ ಪಂಪಾಕ್ಷೇತ್ರದ, ಅಂದರೆ ಹಂಪಿಯ, ಸ್ವಂತ ಪರಂಪರೆಯ ಮುಂದೆ ನಿಲ್ಲುವುದಿಲ್ಲ.

ಮೊದಲ ಪಕ್ಷವನ್ನು ದೇವಾಲಯದ ಆಚರಣೆಯೇ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ದೇವರಿಗೂ ವಿಹಾರವುಂಟು. ಉತ್ಸವಮೂರ್ತಿಯನ್ನು, ಅಂದರೆ ಗರ್ಭಗುಡಿಯ ಅಚಲ ಮೂರ್ತಿಯ ಬದಲಾಗಿ ಹೊರಗೆ ಸಂಚರಿಸುವ ಲೋಹದ ವಿಗ್ರಹವನ್ನು, ವಸಂತೋತ್ಸವದಲ್ಲಿ ಓಕುಳಿಯಾಡಿಸುತ್ತಾರೆ, ಉಯ್ಯಾಲೆಯಲ್ಲಿ ತೂಗುತ್ತಾರೆ, ತೆಪ್ಪೋತ್ಸವದಲ್ಲಿ ನೀರಿನ ಮೇಲೆ ಸುತ್ತಾಡಿಸುತ್ತಾರೆ, ರಾತ್ರಿ ಶಯನಸೇವೆಯಲ್ಲಿ ಮಲಗಿಸುತ್ತಾರೆ. ವಿಠ್ಠಲ ಬಜಾರಿನ ಪುಷ್ಕರಣಿಯ ನಡುವೆ ಇಂದಿಗೂ ನಿಂತಿರುವ ಕಲ್ಲಿನ ಪುಟ್ಟ ಮಂಟಪ ಇಂಥ ವಿಹಾರಕ್ಕಾಗಿಯೇ ಕಟ್ಟಿದ್ದು, ಅದಕ್ಕೆ ಬೇರೆ ಯಾವ ಉಪಯೋಗವೂ ಇಲ್ಲ. ಆದರೆ ದೇವರ ಈ ವಿಹಾರಕ್ಕೆ ಪಂಚಾಂಗದಲ್ಲಿ ಗೊತ್ತಾದ ತಿಥಿಯಿದೆ, ಹೊರಡುವ ಮುಹೂರ್ತವಿದೆ, ಅದಕ್ಕಿಂತ ಮುಖ್ಯವಾಗಿ ಮರಳುವ ಮುಹೂರ್ತವಿದೆ. ಮೆರವಣಿಗೆ ಹೋದ ಮೂರ್ತಿ ಮತ್ತೆ ಗುಡಿಯನ್ನು ಸೇರದಿದ್ದರೆ ಉತ್ಸವ ಮುಗಿಯಿತೆಂದು ಯಾರೂ ಹೇಳುವುದಿಲ್ಲ.

ಸ್ಥಳಪುರಾಣವೂ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ತಾರಕಾಸುರನಿಗೆ ಶಿವನ ಮಗನಿಂದಲೇ ಸಾವು ಎಂಬ ವರವಿದ್ದುದರಿಂದ, ತಪಸ್ಸಿನಲ್ಲಿ ಮುಳುಗಿದ್ದ ಶಿವನನ್ನು ಎಬ್ಬಿಸಲು ದೇವತೆಗಳು ಮನ್ಮಥನನ್ನು ಕಳುಹಿಸಿದರೆಂದೂ, ಶಿವನ ಹಣೆಗಣ್ಣಿಗೆ ಅವನು ಇಲ್ಲಿನ ಹೇಮಕೂಟ ಬೆಟ್ಟದಲ್ಲಿ ಸುಟ್ಟುಹೋದನೆಂದೂ, ಅನಂತರ ಪಾರ್ವತಿಯೇ ಆದ ಪಂಪೆಯ ತಪಸ್ಸಿಗೆ ಒಲಿದ ಶಿವ ಅವಳನ್ನು ವರಿಸಿದನೆಂದೂ ಹಂಪಿಯ ನಂಬಿಕೆ. ವಿರೂಪಾಕ್ಷ ದೇವಾಲಯದ ಉತ್ತರಕ್ಕಿರುವ ಕೆರೆಗೆ ಇಂದಿಗೂ ಮನ್ಮಥ ಹೊಂಡವೆಂದೇ ಹೆಸರು. ಪಂಪಾ ವಿರೂಪಾಕ್ಷರ ನಿಶ್ಚಿತಾರ್ಥ ಫಲಪೂಜೆ ಎಂಬ ಹೆಸರಿನಲ್ಲಿ ಚಳಿಗಾಲದಲ್ಲಿಯೂ, ಕಲ್ಯಾಣ ಮತ್ತು ರಥೋತ್ಸವ ಚೈತ್ರದಲ್ಲಿಯೂ ಪ್ರತಿ ವರ್ಷ ನಡೆಯುತ್ತವೆ. ಈ ಮದುವೆಯ ಫಲವಾಗಿ ಹುಟ್ಟಿದ ಕುಮಾರನು ತಾರಕನನ್ನು ಕೊಂದು ನೆಲೆಸಿದ ಸ್ಥಳವೆಂದು ಸಂಡೂರಿನ ಬೆಟ್ಟಗಳ ನಡುವಿನ ಕುಮಾರಸ್ವಾಮಿ ಕ್ಷೇತ್ರವನ್ನು ಜನ ಪೂಜಿಸುತ್ತಾರೆ. ಅಲ್ಲಿ ಕುಮಾರಸ್ವಾಮಿಯ ಗುಡಿಯ ಬದಿಯಲ್ಲಿಯೇ ತಾಯಿ ಪಾರ್ವತಿಯ ಗುಡಿಯೂ ಇದೆ. ಹೀಗೆ ಹಂಪಿ ಮತ್ತು ಸಂಡೂರು ಒಂದೇ ಕಥೆಯ ಎರಡು ಭಾಗಗಳಾಗಿವೆ, ಮತ್ತು ಆ ಕಥೆಯಲ್ಲಿ ಕಾಮ ಸುಟ್ಟುಹೋದರೂ ದಾಂಪತ್ಯ ಉಳಿಯುತ್ತದೆ, ಶಿವನ ಧ್ಯಾನದಂಥ ಧ್ಯಾನವೂ ಲೋಕದ ಸಂಕಟ ಕರೆದಾಗ ಎದ್ದು ಬರಬೇಕಾಗುತ್ತದೆ. ಸುಖವನ್ನು ಅಲ್ಲಗಳೆಯುವ ಪಕ್ಷಕ್ಕಾಗಲಿ, ನೆಮ್ಮದಿಯೇ ಕೊನೆಯ ಗುರಿ ಎನ್ನುವ ಪಕ್ಷಕ್ಕಾಗಲಿ ಈ ಕಥೆ ಪೂರ್ತಿಯಾಗಿ ಒದಗುವುದಿಲ್ಲ.

ಆದರೆ ವಿಶ್ರಾಂತಿಯ ಪ್ರಶ್ನೆಯನ್ನು ಇದಕ್ಕಿಂತಲೂ ನೇರವಾಗಿ ಎದುರಿಸಿದ ಕಥೆ ಇದೇ ನೆಲದಲ್ಲಿ ನಡೆಯಿತೆಂದು ನಂಬಲಾದ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿದೆ. ವಾಲಿಯ ವಧೆಯಾಗಿ ಸುಗ್ರೀವನಿಗೆ ಪಟ್ಟವಾದಾಗ ಮಳೆಗಾಲ ಹತ್ತಿರವಾಗಿರುತ್ತದೆ. ಸೈನ್ಯದ ಸಂಚಾರ ಸಾಧ್ಯವಿಲ್ಲದ ಆ ನಾಲ್ಕು ತಿಂಗಳು ಸೀತೆಯ ಅನ್ವೇಷಣೆ ನಿಲ್ಲಲೇಬೇಕಾಗುತ್ತದೆ. ಚಾತುರ್ಮಾಸ್ಯವೆಂದು ಕರೆಯುವ ಈ ಅವಧಿಯಲ್ಲಿ ಯತಿಗಳು ಇಂದಿಗೂ ಸಂಚಾರವನ್ನು ಬಿಟ್ಟು ಒಂದೆಡೆ ನಿಲ್ಲುತ್ತಾರೆ, ಜೈನ ಮುನಿಗಳಿಗೂ ಬೌದ್ಧ ಭಿಕ್ಷುಗಳಿಗೂ ಇದೇ ನಿಯಮವಿದೆ. ವನವಾಸದ ವ್ರತದಲ್ಲಿರುವ ರಾಮನು ಊರನ್ನು ಪ್ರವೇಶಿಸದೆ ಲಕ್ಷ್ಮಣನೊಂದಿಗೆ ಪ್ರಸ್ರವಣ ಗಿರಿಯ ಗುಹೆಯಲ್ಲಿ ಉಳಿಯುತ್ತಾನೆ. ಸುಗ್ರೀವನಿಗೆ ಮಾತ್ರ, ನಗರಕ್ಕೆ ಹೋಗಿ ಸುಖವಾಗಿರು, ಕಾರ್ತಿಕ ಬಂದಾಗ ಕೆಲಸಕ್ಕೆ ತೊಡಗು ಎಂಬ ಅರ್ಥದ ಅಪ್ಪಣೆ ಕೊಡುತ್ತಾನೆ. ಸ್ಥಳೀಯ ಸಂಪ್ರದಾಯದಂತೆ ಕಿಷ್ಕಿಂಧೆ ಹೊಳೆಯ ಉತ್ತರ ದಡದ ಆನೆಗೊಂದಿಯ ಸೀಮೆ, ರಾಮನು ಮಳೆಗಾಲ ಕಳೆದದ್ದು ದಕ್ಷಿಣ ದಡದಲ್ಲಿ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದ ಮಾಲ್ಯವಂತ ಬೆಟ್ಟ. ಅಲ್ಲಿನ ರಘುನಾಥ ದೇವಾಲಯದಲ್ಲಿ ದೊಡ್ಡ ಬಂಡೆಯೊಂದನ್ನು ಕೆಡವದೆ, ಅದರ ಮೈಯಲ್ಲೇ ಮೂರ್ತಿಗಳನ್ನು ಕಡೆದು, ಸುತ್ತ ಗರ್ಭಗುಡಿಯನ್ನು ಕಟ್ಟಿ, ಚಾವಣಿಯಿಂದ ಮೇಲೆದ್ದ ಬಂಡೆಯ ನೆತ್ತಿಯ ಮೇಲೆ ಶಿಖರವನ್ನು ಇಟ್ಟಿದ್ದಾರೆ. ಕಾಯುವ ರಾಮನಿಗೆ ಕದಲದ ಬಂಡೆಯೇ ಮನೆಯಾಗಿದೆ.

ಹೀಗೆ ಒಂದೇ ಮಳೆಗಾಲದಲ್ಲಿ, ಒಂದೇ ಹೊಳೆಯ ಎರಡು ದಡಗಳಲ್ಲಿ, ಇಬ್ಬರು ವಿಶ್ರಮಿಸುತ್ತಾರೆ. ಇಬ್ಬರೂ ಕೆಲಸವನ್ನು ನಿಲ್ಲಿಸಿದ್ದಾರೆ, ಇಬ್ಬರಿಗೂ ಅದಕ್ಕೆ ಸರಿಯಾದ ಕಾರಣವಿದೆ. ರಾಮನ ವಿರಾಮ ಸುಖದ ವಿರಾಮವಲ್ಲ. ಅವನು ಮೋಡ, ಮಿಂಚು, ತುಂಬಿದ ಹೊಳೆಗಳನ್ನು ನೋಡುತ್ತ, ನೋಡಿದ ಪ್ರತಿಯೊಂದರಲ್ಲಿಯೂ ಸೀತೆಯನ್ನು ನೆನೆಯುತ್ತ ದಿನಗಳನ್ನು ಕಳೆಯುತ್ತಾನೆ, ಮತ್ತು ಮಳೆಗಾಲದ ಆ ವರ್ಣನೆ ಇಡೀ ಕಾವ್ಯದ ಅತ್ಯಂತ ಸುಂದರ ಭಾಗಗಳಲ್ಲಿ ಒಂದು. ಸುಗ್ರೀವನಾದರೋ ಬಹುಕಾಲದ ಅಲೆದಾಟದ ನಂತರ ದೊರೆತ ರಾಜ್ಯ, ಮಡದಿಯರು, ಪಾನ ಇವುಗಳಲ್ಲಿ ಮುಳುಗಿ ಶರತ್ಕಾಲ ಬಂದುದನ್ನೇ ಅರಿಯುವುದಿಲ್ಲ. ಹನುಮಂತ ಎಚ್ಚರಿಸಿದಾಗ ಸೇನೆಯನ್ನು ಕೂಡಿಸಲು ಆಜ್ಞೆಯಿತ್ತು ಮತ್ತೆ ಅಂತಃಪುರಕ್ಕೆ ಸರಿಯುತ್ತಾನೆ. ಕೊನೆಗೆ ಕೋಪದಿಂದ ಬಿಲ್ಲನ್ನು ಹಿಡಿದು ಲಕ್ಷ್ಮಣನೇ ಕಿಷ್ಕಿಂಧೆಯ ಬಾಗಿಲಿಗೆ ಬರಬೇಕಾಗುತ್ತದೆ.

ಆಗ ಲಕ್ಷ್ಮಣನನ್ನು ಸಮಾಧಾನಪಡಿಸುವ, ವಾಲಿಯ ಮಡದಿಯಾಗಿದ್ದ ತಾರೆಯ ವಾದ ಗಮನಾರ್ಹವಾದುದು. ಸುಗ್ರೀವ ಮಾಡಿದ್ದು ಸರಿಯೆಂದು ಅವಳು ಹೇಳುವುದಿಲ್ಲ. ಬಹಳ ದಿನ ಕಷ್ಟಪಟ್ಟವನಿಗೆ ಸುಖ ಸಿಕ್ಕಿದಾಗ ಕಾಲ ಸರಿದುದು ತಿಳಿಯುವುದಿಲ್ಲವೆಂದೂ, ಧರ್ಮಾತ್ಮನಾದ ವಿಶ್ವಾಮಿತ್ರನೇ ಘೃತಾಚಿಯಲ್ಲಿ ಮನಸೋತು ಹತ್ತು ವರ್ಷಗಳನ್ನು ಒಂದು ದಿನವೆಂದು ಎಣಿಸಿದನೆಂದೂ, ಹಾಗಿರುವಾಗ ಸಾಮಾನ್ಯನ ಪಾಡೇನೆಂದೂ ಕೇಳುತ್ತಾಳೆ. ಅವಳ ಮಾತಿನಲ್ಲಿ ದೋಷದ ನಿಜವಾದ ನೆಲೆ ಬಯಲಾಗುತ್ತದೆ. ಸುಗ್ರೀವ ಸುಖಪಟ್ಟದ್ದು ತಪ್ಪಲ್ಲ, ಅದಕ್ಕೆ ರಾಮನೇ ಅಪ್ಪಣೆ ಕೊಟ್ಟಿದ್ದ. ಕಾಲವನ್ನು ಮರೆತದ್ದು, ಕಾಲದೊಂದಿಗೆ ತಾನು ಕೊಟ್ಟ ಮಾತನ್ನು ಮರೆತದ್ದು ತಪ್ಪು. ವಿಶ್ರಾಂತಿಯ ಧರ್ಮಾಧರ್ಮವನ್ನು ನಿರ್ಣಯಿಸುವುದು ಅದರಲ್ಲಿ ಸುಖ ಎಷ್ಟಿದೆ ಎಂಬುದಲ್ಲ, ನೆನಪು ಉಳಿದಿದೆಯೇ ಎಂಬುದು.

ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ಈ ಮರವೆಗೆ ಪ್ರಮಾದ ಎಂಬ ಹೆಸರಿದೆ. ಮಾಡಬೇಕಾದುದರ ಬಗ್ಗೆ ಇರಬೇಕಾದ ಎಚ್ಚರ ತಪ್ಪುವುದೇ ಪ್ರಮಾದ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಸುಖವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರಾಗಿ ವಿಂಗಡಿಸುವಾಗ ನಿದ್ರೆ ಮತ್ತು ಆಲಸ್ಯಗಳ ಜೊತೆಗೆ ಪ್ರಮಾದವನ್ನು ತಾಮಸ ಸುಖದ ಮೂಲವಾಗಿ ಹೇಳುತ್ತದೆ, ಆದರೆ ಸುಖವನ್ನೇ ತಳ್ಳಿಹಾಕುವುದಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಬದುಕಿದ್ದ ಅಭಿನವಗುಪ್ತನು ವಿಶ್ರಾಂತಿ ಎಂಬ ಪದವನ್ನೇ ತನ್ನ ದರ್ಶನದ ನಡುವೆ ಇಟ್ಟು, ಚೈತನ್ಯ ಹೊರಗಿನ ಯಾವುದನ್ನೂ ಅರಸದೆ ತನ್ನಲ್ಲಿಯೇ ನಿಲ್ಲುವ ಸ್ಥಿತಿಯನ್ನು ಆನಂದವೆಂದು ಕರೆದನು. ಕಾವ್ಯ ನಾಟಕಗಳಿಂದ ದೊರೆಯುವ ರಸವೂ ಅಂಥ ಸ್ಥಿತಿಯೇ. ಆದರೆ ರಸಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ, ತನ್ನದೇ ಸುಖದುಃಖಗಳಿಗೆ ಪರವಶನಾಗಿರುವುದನ್ನೂ ಅವನು ಒಂದು ವಿಘ್ನವಾಗಿ ಸೇರಿಸುತ್ತಾನೆ, ಅಂದರೆ ಸುಖದ ಕೈಗೆ ಸಿಕ್ಕವನಿಗೆ ವಿಶ್ರಾಂತಿಯಿಲ್ಲ. ಜರ್ಮನಿಯ ಕ್ಯಾಥೊಲಿಕ್ ತತ್ತ್ವಜ್ಞಾನಿ ಜೋಸೆಫ್ ಪೀಪರ್ 1948ರಲ್ಲಿ ಪ್ರಕಟಿಸಿದ ವಿರಾಮ ಕುರಿತ ಗ್ರಂಥದಲ್ಲಿ, ವಿರಾಮದ ಬೇರು ಉತ್ಸವ ಮತ್ತು ಆರಾಧನೆಯಲ್ಲಿದೆಯೆಂದೂ, ಮಧ್ಯಯುಗದ ಕ್ರೈಸ್ತ ಚಿಂತಕರು ಪಾಪವೆಂದು ಎಣಿಸಿದ ಜಡತೆ ವಿರಾಮದ ಅತಿರೇಕವಲ್ಲ, ಅದರ ವಿರುದ್ಧವೆಂದೂ ವಾದಿಸಿದ್ದು ಇದಕ್ಕೆ ಬಹಳ ಹತ್ತಿರದ ಮಾತು.

ನೆನಪು ಎಂದರೆ ಇಲ್ಲಿ ಯಾವುದರ ನೆನಪು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಪ್ರತಿಯೊಬ್ಬನ ವಿಶ್ರಾಂತಿಯ ಹಿಂದೆ ಇನ್ನೊಬ್ಬನ ದುಡಿಮೆಯಿರುತ್ತದೆ, ಆ ಋಣದ ನೆನಪೇ ಮೊದಲನೆಯದು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ದಶಕದ ಆರಂಭದಲ್ಲಿ ಈ ಹೊಳೆಯಲ್ಲಿ ಕಂಡ, ಒಳಗೆ ಬೆತ್ತ ಹೊರಗೆ ಚರ್ಮವಿದ್ದ ಬುಟ್ಟಿಯಾಕಾರದ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಚರ್ಮದ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಬಂದಿದ್ದರೂ ಹುಟ್ಟು ಹಾಕುವವನ ತೋಳಿನ ಕೆಲಸ ಬದಲಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ತೀರ್ಥಸ್ನಾನದ ಪುಣ್ಯವನ್ನು ಪ್ರಶ್ನಿಸಿ ಅದರ ಜಾಗದಲ್ಲಿ ಕಾಯಕವನ್ನು, ಅಂದರೆ ಪೂಜೆಯೆಂದು ಬಗೆದು ಮಾಡುವ ಪ್ರಾಮಾಣಿಕ ದುಡಿಮೆಯನ್ನು, ಮತ್ತು ದಾಸೋಹವನ್ನು, ಅಂದರೆ ದುಡಿದುದನ್ನು ಹಂಚಿ ಉಣ್ಣುವುದನ್ನು ಇಟ್ಟರು. ಈ ದೃಷ್ಟಿಯಿಂದ ನೋಡಿದರೆ ಯಾತ್ರಿಕನನ್ನು ಆಚೆ ದಡಕ್ಕೆ ಮುಟ್ಟಿಸುವ ಅಂಬಿಗನ ದಿನವೇ ಯಾತ್ರಿಕನ ದಿನಕ್ಕಿಂತ ಹೆಚ್ಚು ಧಾರ್ಮಿಕವಾದುದು, ಅವನಿಗೆ ಸಲ್ಲಬೇಕಾದ ಕೂಲಿಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣದಿಂದ ಹಣ್ಣುಕಾಯಿ ಮಾಡಿಸಿದರೆ ಫಲವಿಲ್ಲ.

ಎರಡನೆಯದು ಆತಿಥ್ಯದ ನೆನಪು. ತಿಥಿ ನೋಡದೆ ಬರುವವನು ಅತಿಥಿ, ಅವನಿಗೆ ತಂಗಲು ಎಡೆ ಕೊಡುವುದು ಗೃಹಸ್ಥನ ಧರ್ಮ. ಆ ಧರ್ಮಕ್ಕೆ ತೆರಬೇಕಾದ ಬೆಲೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಕಂಪ್ಲಿಯ ಚರಿತ್ರೆಯೇ ಸಾಕ್ಷಿ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪ್ಲಿಯ ದೊರೆ ಕಂಪಿಲದೇವ ಆಶ್ರಯ ಕೊಟ್ಟನು, ಅವನನ್ನು ಒಪ್ಪಿಸಲು ನಿರಾಕರಿಸಿದನು, 1327ರ ಯುದ್ಧದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಅವನ ಮಗ ಕುಮಾರರಾಮನ ಸಾಹಸ ಜನಪದದಲ್ಲಿ ಇಂದಿಗೂ ಬಾಳುತ್ತಿದೆ. ಆಶ್ರಯ ಪಡೆದವನ ನೆಮ್ಮದಿಗೆ ಆಶ್ರಯ ಕೊಟ್ಟವನು ಏನನ್ನು ತೆತ್ತಿದ್ದಾನೆ ಎಂಬ ಅರಿವು ಅತಿಥಿಯ ಪಾಲಿನ ಧರ್ಮ, ಮತ್ತು ಈ ಅರಿವಿಲ್ಲದ ವಿಶ್ರಾಂತಿ ಎಷ್ಟು ಶಾಂತವಾಗಿ ಕಂಡರೂ ಆಕ್ರಮಣವೇ. ಸಂಡೂರಿನ ಬೆಟ್ಟದ ಮೇಲಿನ ರಾಮಗಡ ಅಥವಾ ರಾಮನದುರ್ಗವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಐರೋಪ್ಯ ಸೈನಿಕರ ಆರೋಗ್ಯಧಾಮವನ್ನಾಗಿ ಮಾಡಿಕೊಂಡಿದ್ದರು. ಬಯಲಿನ ಬಿಸಿಲನ್ನೂ ಬಯಲಿನ ಜನರನ್ನೂ ಕೆಳಗೆ ಬಿಟ್ಟು ಹೋಗುವುದೇ ಆ ವಿಶ್ರಾಂತಿಯ ಸಾರವಾಗಿತ್ತು, ಮತ್ತು ಎತ್ತರದ ಬೇಲಿಗಳ ಹಿಂದಿನ ಇಂದಿನ ಐಷಾರಾಮಿ ರೆಸಾರ್ಟ್‌ಗಳು ಮುಂದುವರಿಸಿರುವುದು ಅದೇ ಪದ್ಧತಿಯನ್ನು.

ಈ ಮಾನದಂಡವನ್ನು ವಿದೇಶಿ ಪ್ರವಾಸಿಗನಿಗೆ ಮಾತ್ರ ಹಿಡಿಯುವುದು ನ್ಯಾಯವಲ್ಲ. ಸ್ನಾನಘಟ್ಟದಲ್ಲಿ ಮಿಂದು ಹಳೆಯ ಬಟ್ಟೆಯನ್ನು ಹೊಳೆಗೆ ಬಿಟ್ಟು ಹೋಗುವ ಭಕ್ತನ ಮರವೆ, ಗಾದಿಯ ಮೇಲೆ ಮಲಗಿ ದಿನಗಳ ಲೆಕ್ಕ ತಪ್ಪಿದವನ ಮರವೆಗಿಂತ ಕಡಿಮೆಯದಲ್ಲ. ಕೈ, ಕಾಲು, ಮನಸ್ಸುಗಳು ಹತೋಟಿಯಲ್ಲಿದ್ದವನಿಗೆ ಮಾತ್ರ ತೀರ್ಥದ ಫಲ ಎಂದು ಮಹಾಭಾರತದ ತೀರ್ಥಯಾತ್ರಾ ಪ್ರಕರಣ ಹೇಳುತ್ತದೆ, ಇದರಲ್ಲಿ ಯಾತ್ರಿಕನ ಕುಲದೇಶಗಳ ಮಾತಿಲ್ಲ. ಇದೇ ಹೊಳೆಯಲ್ಲಿ ಆನೆಗೊಂದಿಯ ಬಳಿ ಇನ್ನೊಂದು ಗಡ್ಡೆಯಿದೆ. ಅಲ್ಲಿ ಪದ್ಮನಾಭತೀರ್ಥರು, 1539ರಲ್ಲಿ ತೀರಿಕೊಂಡ ವ್ಯಾಸರಾಯರು ಮೊದಲಾದ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು, ಅಂದರೆ ಸಮಾಧಿಯ ಮೇಲೆ ಕಟ್ಟಿದ ಶಿಲಾರಚನೆಗಳು, ಇವೆ, ಯತಿಗಳು ಅವುಗಳಲ್ಲಿ ಇಂದಿಗೂ ಧ್ಯಾನದಲ್ಲಿದ್ದಾರೆಂದು ಭಕ್ತರು ನಂಬುತ್ತಾರೆ. ಒಂದು ಗಡ್ಡೆ ಪವಿತ್ರ, ಇನ್ನೊಂದು ಅಪವಿತ್ರ ಎಂದು ವಿಂಗಡಿಸುವುದು ಸುಲಭ. ಆದರೆ ನವಬೃಂದಾವನಕ್ಕೆ ಹೋಗಿ ಅವಸರದಲ್ಲಿ ಪ್ರದಕ್ಷಿಣೆ ಮುಗಿಸಿ ಫೋಟೊ ತೆಗೆದುಕೊಂಡು ಬರುವವನಿಗೆ ವಿಶ್ರಾಂತಿಯೂ ಇಲ್ಲ, ನೆನಪೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಋಣ, ಕಾಲ, ಕರ್ತವ್ಯಗಳನ್ನು ಸದಾ ನೆನೆಯುತ್ತ ಕುಳಿತರೆ ಅದು ವಿಶ್ರಾಂತಿ ಹೇಗಾದೀತು, ಮರೆಯಲೆಂದೇ ಅಲ್ಲವೇ ಮನುಷ್ಯ ಊರು ಬಿಟ್ಟು ಬರುವುದು ಎಂಬುದೇ ಆ ಆಕ್ಷೇಪ. ಇದಕ್ಕೂ ಕಿಷ್ಕಿಂಧಾಕಾಂಡದಲ್ಲಿ ಸಮಾಧಾನವಿದೆ. ಸುಗ್ರೀವನು ಪ್ರತಿ ಕ್ಷಣವೂ ಸೀತೆಯನ್ನು ನೆನೆಯಬೇಕೆಂದು ರಾಮ ಕೇಳಲಿಲ್ಲ, ಅವಧಿಯೊಂದನ್ನು ಗೊತ್ತುಮಾಡಿ ಉಳಿದುದನ್ನು ಅವನಿಗೇ ಬಿಟ್ಟನು. ನೆನಪನ್ನು ಕಾಯುವ ಕೆಲಸ ಹನುಮಂತನಂಥ ಮಂತ್ರಿಯದಾಗಿತ್ತು. ನೆನಪು ಒಬ್ಬ ವ್ಯಕ್ತಿಯ ಮನಸ್ಸಿನ ಮೇಲೆ ಹೊರಿಸಿದ ಭಾರವಾಗದೆ ಸಮುದಾಯ ಹೊತ್ತುಕೊಂಡ ವ್ಯವಸ್ಥೆಯಾದಾಗ ಮನುಷ್ಯ ನಿಶ್ಚಿಂತೆಯಿಂದ ವಿಶ್ರಮಿಸಬಲ್ಲ. ದೇವಾಲಯಕ್ಕೆ ಪಂಚಾಂಗ, ಯತಿಗಳಿಗೆ ಚಾತುರ್ಮಾಸ್ಯದ ನಿಯಮ, ಯೆಹೂದಿಗಳಿಗೆ ವಾರಕ್ಕೊಮ್ಮೆ ಬರುವ ಸಬ್ಬತ್ ದಿನ ಇಂಥ ವ್ಯವಸ್ಥೆಗಳೇ. ಅವು ಕೆಲಸಕ್ಕೆ ಗಡಿ ಹಾಕುವಂತೆ ವಿರಾಮಕ್ಕೂ ಗಡಿ ಹಾಕುತ್ತವೆ, ಹಾಗಾಗಿಯೇ ಎರಡನ್ನೂ ಕಾಪಾಡುತ್ತವೆ.

ವಿರೂಪಾಪುರ ಗಡ್ಡೆಯ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅಲ್ಲಿನ ಕೊರತೆ ಯಾವುದೆಂಬುದು ತಿಳಿಯುತ್ತದೆ. ಹಂಪಿ ವಿಶ್ವ ಪರಂಪರೆ ಪ್ರದೇಶದ ನಿರ್ವಹಣೆಗೆ 2002ರಲ್ಲಿಯೇ ಕಾಯಿದೆಯಾಗಿದ್ದರೂ ಕಟ್ಟಡಗಳು ವರ್ಷದಿಂದ ವರ್ಷಕ್ಕೆ ಎದ್ದವು, ಉಳಿಯುವವರು ಉಳಿದರು, ಗಳಿಸುವವರು ಗಳಿಸಿದರು. ಕೊನೆಗೆ ಕಾನೂನು ಬಂದಾಗ ಅದು ಲಕ್ಷ್ಮಣನ ಕೋಪದ ರೂಪದಲ್ಲಿಯೇ ಬಂತು. ನಡುವಿನ ವರ್ಷಗಳಲ್ಲಿ ಎಚ್ಚರಿಸುವ ಹನುಮಂತನ ಕೆಲಸವನ್ನು ಯಾವ ವ್ಯವಸ್ಥೆಯೂ ಸರಿಯಾಗಿ ಮಾಡಲಿಲ್ಲ, ಕೆಡವುವ ದಿನ ಬಂದಾಗ ದುಡಿಮೆ ಕಳೆದುಕೊಳ್ಳುವ ಅಡುಗೆಯವರು, ಅಂಬಿಗರು, ರಿಕ್ಷಾ ಓಡಿಸುವವರ ಪರವಾಗಿ ತಾರೆಯಂತೆ ಬಾಗಿಲಲ್ಲಿ ನಿಂತು ವಾದಿಸಿದ ಧ್ವನಿಗೂ ಬಲವಿರಲಿಲ್ಲ. ವಾಲ್ಮೀಕಿಯ ಕಥೆಯಲ್ಲಿ ತಾರೆಯ ಮಾತು ಕೇಳಿದ ಮೇಲೆ ಲಕ್ಷ್ಮಣ ತಾನಾಡಿದ ಕಟುನುಡಿಗೆ ಕ್ಷಮೆ ಕೇಳುತ್ತಾನೆ, ಸುಗ್ರೀವ ನಾಚಿ ಕೆಲಸಕ್ಕೆ ಏಳುತ್ತಾನೆ, ದಿಕ್ಕುದಿಕ್ಕಿಗೆ ವಾನರರು ಹೊರಡುತ್ತಾರೆ. ಕಿಷ್ಕಿಂಧೆಯನ್ನು ಯಾರೂ ಕೆಡವುವುದಿಲ್ಲ. ಕ್ಷೇತ್ರಕ್ಕೆ ಬರುವವರ ವಿಶ್ರಾಂತಿಯನ್ನು ನಿಷೇಧಿಸುವುದು ಧರ್ಮವೂ ಅಲ್ಲ, ಸಾಧ್ಯವೂ ಅಲ್ಲ. ಎಷ್ಟು ಜನ, ಎಷ್ಟು ಕಾಲ, ಯಾರ ನೆಲದಲ್ಲಿ, ಯಾರ ದುಡಿಮೆಯ ಮೇಲೆ ಎಂಬ ಲೆಕ್ಕವನ್ನು ಮೊದಲ ದಿನದಿಂದಲೇ ಇಡುವ ಊರು ಮಾತ್ರ ತನ್ನ ಅತಿಥಿಗಳಿಗೆ ನಿಜವಾದ ನೆಮ್ಮದಿಯನ್ನು ಕೊಡಬಲ್ಲದು, ಮತ್ತು ಆ ಲೆಕ್ಕ ಇಡುವ ಹೊಣೆ ಹೊಸಪೇಟೆಯ ಕಚೇರಿಗಳದಷ್ಟೇ ಹಂಪಿಯ ಪೂಜಾರಿಗಳದೂ ಕಂಪ್ಲಿ, ಸಂಡೂರು, ಆನೆಗೊಂದಿಗಳ ಮನೆಮನೆಯದೂ ಹೌದು.